ಚಿನ್ನವನ್ನು ಹಿಡಿದು, ತಾಮ್ರವನ್ನು ಬಿಡುವುದು



ಹಳೆಯ ಮೊಬೈಲ್, ಕಂಪ್ಯೂಟರ್‌ಗಳ ಸರ್ಕ್ಯೂಟ್ ಬೋರ್ಡನ್ನು ಆಮ್ಲದಲ್ಲಿ ಕರಗಿಸಿದರೆ ಸಿಗುವ ದ್ರಾವಣದಲ್ಲಿ ಚಿನ್ನ ಎಳ್ಳಷ್ಟು, ತಾಮ್ರ ಬೇಕಾದಷ್ಟು. ಜೊತೆಗೆ ಕಬ್ಬಿಣ, ನಿಕ್ಕಲ್, ಸತು, ತವರ. ಈ ಗುಂಪಿನಲ್ಲಿ ಚಿನ್ನವನ್ನು ಹಿಡಿಯುವ ವಸ್ತುಗಳು ಹಲವಿವೆ. ಉಳಿದವನ್ನು ಮುಟ್ಟದೆ ಬಿಡುವಂಥವು ಅಪರೂಪ. ಬಿಡುವ ಆ ಗುಣದ ಬಗ್ಗೆಯೇ ಈ ವಿಚಾರಸಂಕಿರಣ ಹೆಚ್ಚು ಯೋಚಿಸಬೇಕೆಂಬುದು ನನ್ನ ಆಶಯ.

ಚಿನ್ನದ ಉದ್ಯಮಕ್ಕೆ ಸಸ್ಯಮೂಲದ ಅಧಿಶೋಷಕ, ಅಂದರೆ ಲೋಹವನ್ನು ಮೇಲ್ಮೈಯಲ್ಲಿ ಹಿಡಿಯುವ ವಸ್ತು, ಹೊಸದಲ್ಲ. ಸಯನೈಡ್ ದ್ರಾವಣದಿಂದ ಚಿನ್ನ ತೆಗೆಯಲು ಗಣಿಗಳು ತೆಂಗಿನ ಚಿಪ್ಪಿನ ಸಕ್ರಿಯ ಇಂಗಾಲವನ್ನು ನೆಚ್ಚಿಕೊಂಡಿವೆ. ಆದರೆ ಬೆಳ್ಳಿ, ತಾಮ್ರಗಳ ಸಯನೈಡುಗಳೂ ಅದಕ್ಕೆ ಅಂಟುತ್ತವೆ.

ಜಪಾನಿನ ಸಾಗಾ ವಿಶ್ವವಿದ್ಯಾಲಯದಲ್ಲಿ ಕತ್ಸುತೋಶಿ ಇನೌಯೆ ಮತ್ತು ಸಂಗಡಿಗರು ಅಧಿಶೋಷಕ ತಯಾರಿಸಲು ಒಗರು ಪರ್ಸಿಮನ್ ಹಣ್ಣಿನ ತ್ಯಾಜ್ಯವನ್ನು ಆರಿಸಿಕೊಂಡರು. ಅದರ ಒಗರಿಗೆ ಕಾರಣವಾದ ಟ್ಯಾನಿನ್ ನೀರಿನಲ್ಲಿ ಕರಗುತ್ತದೆ. ಸಾಂದ್ರ ಗಂಧಕಾಮ್ಲದೊಂದಿಗೆ ಕಾಯಿಸಿ ಅಣುಗಳನ್ನು ಪರಸ್ಪರ ಹೆಣೆದಾಗ ಕರಗದ ಪುಡಿಯಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಚಿನ್ನ ನಾಲ್ಕು ಕ್ಲೋರಿನ್‌ಗಳೊಡನೆ ಋಣ ಅಯಾನಾಗಿರುತ್ತದೆ. ಟ್ಯಾನಿನ್‌ನ ಹೈಡ್ರಾಕ್ಸಿಲ್ ಗುಂಪುಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ತಾವು ಕ್ವಿನೋನ್ ಆಗುತ್ತವೆ. ಮೂರು ಎಲೆಕ್ಟ್ರಾನ್ ಪಡೆದ ಚಿನ್ನ ಪುಡಿಯ ಮೇಲೆ ಹಳದಿ ಲೋಹವಾಗಿ ಕೂರುತ್ತದೆ. ನನ್ನನ್ನು ಇಂದಿಗೂ ಬೆರಗುಗೊಳಿಸುವ ಘಟ್ಟ ಇದು. ಆಯ್ಕೆಯ ಗುಟ್ಟು ಇರುವುದೂ ಇಲ್ಲಿಯೇ: ಚಿನ್ನದ ಕ್ಲೋರೈಡಿನ ಅಪಕರ್ಷಣ ವಿಭವ ಸುಮಾರು 1.0 ವೋಲ್ಟ್, ಪಲ್ಲಾಡಿಯಂನದು 0.6ರ ಆಸುಪಾಸು, ತಾಮ್ರದ್ದು ಕೇವಲ 0.34. ಟ್ಯಾನಿನ್‌ನ ಶಕ್ತಿ ಚಿನ್ನಕ್ಕೆ ಸಾಕು, ತಾಮ್ರಕ್ಕೆ ಸಾಲದು. ಪಲ್ಲಾಡಿಯಂ, ಪ್ಲಾಟಿನಂ ಬೇಕೆಂದರೆ ಅದೇ ಪುಡಿಗೆ ಅಮೀನ್ ಗುಂಪು ಕೂಡಿಸಿ, ಅಯಾನು ವಿನಿಮಯದ ಮೂಲಕ ಹಿಡಿಯಬೇಕು.

ಕಬ್ಬಿಣದ ವಿಷಯದಲ್ಲಿ ಎಚ್ಚರ ಅಗತ್ಯ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದ ನಾಡಿಗೆ ಟ್ಯಾನಿನ್–ಕಬ್ಬಿಣದ ನಂಟು ಗೊತ್ತು. ಪ್ರಬಲ ಆಮ್ಲ ಆ ಕಪ್ಪನ್ನು ತಡೆಯುತ್ತದೆ, ನಿಜ. ಆದರೆ ಫೆರಿಕ್ ಅಯಾನಿನ ವಿಭವ 0.77. ಚಿನ್ನಕ್ಕೆ ಮೀಸಲಾದ ಎಲೆಕ್ಟ್ರಾನುಗಳನ್ನು ಅದು ಕಬಳಿಸುತ್ತದೆಯೇ ಎಂಬುದನ್ನು ಅಳೆದು ನೋಡಲೇಬೇಕು. ಬೋರ್ಡನ್ನು ಕರಗಿಸಲು ಅಕ್ವಾ ರೀಜಿಯಾ ಬಳಸಿದ್ದರೆ ಉಳಿದ ನೈಟ್ರಿಕ್ ಆಮ್ಲ ಟ್ಯಾನಿನ್ನನ್ನೇ ಉತ್ಕರ್ಷಿಸುತ್ತದೆ.

ನಮ್ಮಲ್ಲಿ ಒಗರಿಗೇನು ಬರ? ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರಿದೆ, ಕರಾವಳಿಯಲ್ಲಿ ಗೇರುಬೀಜದ ಒಳಸಿಪ್ಪೆಯಿದೆ. ಎರಡರಲ್ಲೂ ಟ್ಯಾನಿನ್ ಹೇರಳ. ಯುವ ಸಂಶೋಧಕರು ಇವನ್ನು ಕೈಗೆತ್ತಿಕೊಳ್ಳಲಿ. ಆದರೆ ಶುದ್ಧ ನೀರಿನಲ್ಲಿ ಒಂದೇ ಲೋಹ ಕರಗಿಸಿ, ಪ್ರತಿ ಗ್ರಾಮಿಗೆ ಎಷ್ಟು ಹಿಡಿಯಿತು ಎಂಬ ಅಂಕಿಯಷ್ಟರಿಂದಲೇ ಪ್ರಬಂಧ ಬರೆಯುವ ಅಭ್ಯಾಸ ನಿಲ್ಲಬೇಕು. ಹಿಡಿದ ಚಿನ್ನವನ್ನು ಥಯೋಯೂರಿಯಾದಿಂದ ಬಿಡಿಸುತ್ತೀರೋ, ಪುಡಿಯನ್ನೇ ಸುಡುತ್ತೀರೋ? ಸುಡುವುದಾದರೆ ಕ್ಲೋರೈಡ್, ತಾಮ್ರಗಳನ್ನು ಮೊದಲು ತೊಳೆಯಬೇಕು, ಇಲ್ಲವಾದರೆ ಡಯಾಕ್ಸಿನ್ ಹುಟ್ಟುವ ಅಪಾಯವಿದೆ. ಇದನ್ನೂ ಪ್ರಬಂಧದಲ್ಲಿ ಹೇಳಿ.

ಕೊನೆಗೊಂದು ಸಲಹೆ. ನಿಜವಾದ ಸರ್ಕ್ಯೂಟ್ ಬೋರ್ಡುಗಳಿಂದ ಒಂದೇ ದ್ರಾವಣ ತಯಾರಿಸಿ, ಇಲ್ಲಿ ಸೇರಿರುವ ಎಲ್ಲ ಪ್ರಯೋಗಾಲಯಗಳಿಗೂ ಹಂಚೋಣ. ಎಲ್ಲರ ಅಧಿಶೋಷಕವೂ ಅದರಲ್ಲೇ ಪರೀಕ್ಷೆಗೊಳ್ಳಲಿ. ಚಿನ್ನದ ಅಂಕಿಯ ಪಕ್ಕದಲ್ಲಿ ತಾಮ್ರ, ಕಬ್ಬಿಣಗಳ ಅಂಕಿಯೂ ಇರಲಿ. ದ್ರಾವಣ ತಯಾರಿಸಲು ಮುಂದೆ ಬರುವವರು ಮೊದಲ ಗೋಷ್ಠಿ ಮುಗಿದ ಕೂಡಲೇ ನನ್ನನ್ನು ಭೇಟಿಯಾಗಿ.