ಕಡಿಮೆ ಖರ್ಚಿನಲ್ಲಿ ಕಡಲಿನಡಿಗೆ

ಕುಂದಾಪುರದಿಂದ ಉತ್ತರಕ್ಕೆ ಹೊರಟ ಬಸ್ಸು ಮರವಂತೆಗೆ ಬಂದಾಗ ಕಿಟಕಿಯ ಪಕ್ಕ ಕುಳಿತವರೆಲ್ಲ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಒಂದು ಕಡೆ ಅರಬ್ಬೀ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಸ್ವಲ್ಪ ಮುಂದೆ ಹೋದರೆ ನಾವುಂದ. ಈ ಊರಿನ ಮಕ್ಕಳಿಗೆ ಕಡಲು ಹೊಸದಲ್ಲ. ಆದರೆ ಕಡಲಿನ ಮೇಲ್ಮೈಯನ್ನು ದಿನವೂ ನೋಡುವ ನಮ್ಮಲ್ಲಿ ಅದರ ಅಡಿಯನ್ನು ಕಂಡವರು ಎಷ್ಟು ಮಂದಿ?

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವುದಕ್ಕೆ ಸ್ಕೂಬಾ ಡೈವಿಂಗ್ ಎನ್ನುತ್ತಾರೆ. 1943ರಲ್ಲಿ ಫ್ರಾನ್ಸಿನ ಜಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಉಪಕರಣದಿಂದ ಇದು ಸಾಮಾನ್ಯರಿಗೂ ಎಟಕುವಂತಾಯಿತು. ದಿನಗಟ್ಟಲೆ ಬೋಟಿನಲ್ಲಿಯೇ ಊಟ, ನಿದ್ರೆ ಮಾಡುತ್ತ, ದಿನಕ್ಕೆ ಮೂರು ನಾಲ್ಕು ಸಲ ಮುಳುಗುವ ಪ್ರವಾಸಕ್ಕೆ ಲಿವ್‌ಅಬೋರ್ಡ್ ಎಂದು ಹೆಸರು. ಹೆಸರು ಹೊಸದಾದರೂ ಬಾಳು ನಮಗೆ ಹೊಸದಲ್ಲ. ಗಂಗೊಳ್ಳಿ, ಮಲ್ಪೆಗಳಿಂದ ಆಳಸಮುದ್ರಕ್ಕೆ ಹೋಗುವ ಮೀನುಗಾರರು ವಾರಗಟ್ಟಲೆ ಬೋಟಿನಲ್ಲೇ ಅನ್ನ ಬೇಯಿಸಿ, ಬೋಟಿನಲ್ಲೇ ಮಲಗುವುದಿಲ್ಲವೇ?

ಇಂಥ ಪ್ರವಾಸ ಶ್ರೀಮಂತರಿಗೆ ಮಾತ್ರವೇ ಎಂದು ನೀವು ಕೇಳಬಹುದು. ಖರ್ಚು ತಗ್ಗಿಸುವ ದಾರಿಗಳಿವೆ. ಆದರೆ ಯಾವುದರಲ್ಲಿ ಉಳಿಸಬೇಕು, ಯಾವುದರಲ್ಲಿ ಉಳಿಸಬಾರದು ಎಂಬುದನ್ನು ಮೊದಲು ತಿಳಿಯಬೇಕು. ಇಂದಿನ ನನ್ನ ಮಾತೆಲ್ಲ ಇದನ್ನು ಕುರಿತೇ.

ಕಲಿಕೆಯನ್ನು ಹತ್ತಿರದಲ್ಲೇ ಆರಂಭಿಸಿ. ನಾವುಂದದಿಂದ ಬೈಂದೂರು, ಭಟ್ಕಳ ದಾಟಿದರೆ ಮುರ್ಡೇಶ್ವರ. ಅಲ್ಲಿಂದ ಸುಮಾರು ಹತ್ತು ನಾಟಿಕಲ್ ಮೈಲು, ಎಂದರೆ 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಪಾರಿವಾಳ ಗುಡ್ಡವೆಂದೂ ಅದನ್ನು ಕರೆಯುತ್ತಾರೆ. ಬಿಳಿಹೊಟ್ಟೆಯ ಕಡಲಹದ್ದು ಅಲ್ಲಿ ಗೂಡು ಕಟ್ಟುತ್ತದೆ; ಬಂಡೆಗಳ ಸುತ್ತ ಹವಳವೂ ಬಣ್ಣಬಣ್ಣದ ಮೀನುಗಳೂ ಇವೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಚಿತ್ರ 2022ರಲ್ಲಿ ಬಂದಾಗ ಈ ಕಡಲಿನಡಿಯನ್ನು ನಾಡಿನ ಜನ ತೆರೆಯ ಮೇಲೆ ಕಂಡರು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಬೆಳಿಗ್ಗೆ ಹೋಗಿ ಅದೇ ದಿನ ಮರಳಬಹುದು. ಬೋಟಿನಲ್ಲಿ ತಂಗುವ ಪ್ರವಾಸಕ್ಕಾದರೆ ಅಂಡಮಾನ್ ಅಥವಾ ಮಾಲ್ಡೀವ್ಸ್ ಕಡೆಗೆ ಹೋಗಬೇಕು. ಲಕ್ಷದ್ವೀಪದಲ್ಲೂ ಡೈವಿಂಗ್ ಉಂಟು. ಅಲ್ಲಿನ ಕಡ್ಮತ್ ದ್ವೀಪವೂ ನಮ್ಮ ನಾವುಂದವೂ 1956ರವರೆಗೆ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು ಎಂದರೆ ನಿಮಗೆ ಆಶ್ಚರ್ಯವಾದೀತು!

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಮೊದಲ ಸಲ ನೇತ್ರಾಣಿಗೆ ಹೋದಾಗ ನನಗೆ ಶೀತವಾಗಿ ಮೂಗು ಕಟ್ಟಿತ್ತು. "ಶೀತ, ಕೆಮ್ಮು ಯಾರಿಗಾದರೂ ಇದೆಯೇ?" ಎಂದು ತರಬೇತುದಾರರು ಬೋಟಿನಲ್ಲಿ ಕೇಳಿದರು. ನಾನು ಸುಮ್ಮನಿದ್ದೆ. ಕಟ್ಟಿದ ಹಣ ಹೋಗುತ್ತದಲ್ಲ ಎಂಬ ಯೋಚನೆ! ನಾಲ್ಕು ಮೀಟರ್ ಇಳಿಯುವಷ್ಟರಲ್ಲಿ ಕಿವಿಯೊಳಗೆ ಸೂಜಿ ಚುಚ್ಚಿದಂತಾಯಿತು. ಕೈಸನ್ನೆ ಮಾಡಿ ಮೇಲೆ ಬಂದೆ. ಮೂರು ವಾರ ಒಂದು ಕಿವಿ ಸರಿಯಾಗಿ ಕೇಳಿಸಲಿಲ್ಲ. ಔಷಧಿಗೆ ಆದ ಖರ್ಚು ಡೈವಿಂಗಿನ ಶುಲ್ಕವನ್ನೂ ಮೀರಿತು.

ಹೀಗೇಕಾಯಿತು? ನಿಮ್ಮ ವಿಜ್ಞಾನ ಪುಸ್ತಕದ ಬಾಯ್ಲ್ ನಿಯಮವನ್ನು ನೆನಪಿಸಿಕೊಳ್ಳಿ. ಕಡಲಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟು, ಗಾಳಿಯ ಗಾತ್ರ ಅರ್ಧ. ಕಿವಿಯೊಳಗಿನ ಗಾಳಿ ಕುಗ್ಗಿದಾಗ ಮೂಗಿನ ದಾರಿಯಿಂದ ಅಲ್ಲಿಗೆ ಗಾಳಿ ತುಂಬಬೇಕು. ಶೀತವಾದಾಗ ಆ ದಾರಿ ಮುಚ್ಚಿರುತ್ತದೆ. ಮೇಲೆ ಬರುವಾಗ ಇದರ ವಿರುದ್ಧ ನಡೆಯುತ್ತದೆ. ಆಳದಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಆದ್ದರಿಂದ ಡೈವಿಂಗಿನ ಮೊದಲ ನಿಯಮ: ಉಸಿರನ್ನು ಎಂದೂ ಹಿಡಿದಿಡಬೇಡಿ.

ಒಂದು ಲೆಕ್ಕ ಮಾಡೋಣ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿಯಾಯಿತು. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಮೇಲ್ಮೈಯಲ್ಲಿ ಇದು 120 ನಿಮಿಷ ಬರುತ್ತದೆ. 10 ಮೀಟರ್ ಆಳದಲ್ಲಿ 60 ನಿಮಿಷ, 20 ಮೀಟರಿನಲ್ಲಿ 40 ನಿಮಿಷ ಮಾತ್ರ. ಅದರಲ್ಲೂ ಕಾಲು ಭಾಗ ಆಪತ್ತಿಗೆಂದು ಉಳಿಸಿಕೊಳ್ಳಬೇಕು. ಗಾಬರಿಯಾದರೆ ಉಸಿರು ಹೆಚ್ಚುತ್ತದೆ, ಗಾಳಿ ಬೇಗ ಮುಗಿಯುತ್ತದೆ. ನೀರಿಗೆ ಹೆದರದೆ ಈಜಲು ಕಲಿತವನಿಗೆ ಈ ಗಾಬರಿ ಕಡಿಮೆ. ಈಜು ಕಲಿಯುವುದಕ್ಕೆ ಹೆಚ್ಚು ಖರ್ಚೂ ಇಲ್ಲ. ತಿಳಿದವರ ಎದುರಿನಲ್ಲೇ ಕಲಿಯಿರಿ.

ಇನ್ನು ಸಾರಜನಕದ ಮಾತು. ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ ಗೋಲಿ ಸೋಡಾ ಒಡೆದಂತೆ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಆಡುಗಳ ಮೇಲೆ ಪ್ರಯೋಗ ಮಾಡಿ, ಹಂತ ಹಂತವಾಗಿ ಮೇಲೇರುವ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದವರು ಜಾನ್ ಸ್ಕಾಟ್ ಹಾಲ್ಡೇನ್. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ ಇಂಥ ಪ್ರಯೋಗಗಳಿಗೆ ತಮ್ಮ ದೇಹವನ್ನೇ ಒಡ್ಡಿದವರು; 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾದರು.

ಲಿವ್‌ಅಬೋರ್ಡಿನಲ್ಲಿ ದಿನವೂ ಹಲವು ಸಲ ಮುಳುಗುವುದರಿಂದ ಸಾರಜನಕ ದೇಹದಲ್ಲಿ ಸೇರುತ್ತ ಹೋಗುತ್ತದೆ. ಆದ್ದರಿಂದ ಕೊನೆಯ ಮುಳುಗಿನ ಬಳಿಕ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಒಂದೇ ಸಲ ಮುಳುಗಿದವರಿಗೆ 12 ಗಂಟೆ. ನೇತ್ರಾಣಿಯಲ್ಲಿ ಮುಳುಗಿ ಅದೇ ಸಂಜೆ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುವವರೂ ಯೋಚಿಸಬೇಕು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಒಂದು ರಾತ್ರಿ ಕರಾವಳಿಯಲ್ಲೇ ತಂಗುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹಾಗಾದರೆ ಉಳಿಸುವುದು ಎಲ್ಲಿ? ನಾಲ್ವರು ಗೆಳೆಯರು ಸೇರಿ ಕೋಣೆ ಹಂಚಿಕೊಳ್ಳಿ. ರೈಲಿನಲ್ಲಿ ಹೋಗಿ. ಮುಖಕ್ಕೆ ಸರಿಹೊಂದುವ ಮಾಸ್ಕ್ ಒಂದನ್ನು ಕೊಂಡು ಉಳಿದುದನ್ನು ಬಾಡಿಗೆಗೆ ಪಡೆಯಿರಿ. ಪ್ರವಾಸದ ದರ ಕೇಳುವಾಗ ಉಪಕರಣದ ಬಾಡಿಗೆ, ಇಂಧನ, ಪರವಾನಗಿ, ವಿಮೆ ಎಲ್ಲವೂ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ. ಅಗ್ಗವೆಂದು ಕಂಡದ್ದು ಎಷ್ಟೋ ಸಲ ಕೊನೆಯಲ್ಲಿ ದುಬಾರಿಯಾಗಿರುತ್ತದೆ.

ಉಳಿಸಬಾರದ್ದು ಎಲ್ಲಿ? ತರಬೇತಿಯಲ್ಲಿ, ವಿಮೆಯಲ್ಲಿ, ಶುದ್ಧ ಗಾಳಿಯಲ್ಲಿ. ಬೋಟಿನಲ್ಲಿ ಚಿಕಿತ್ಸೆಗೆಂದು ಆಮ್ಲಜನಕ ಇದೆಯೇ, ಮಲಗುವ ಕೋಣೆಯಿಂದ ಹೊರಬರಲು ಎರಡು ದಾರಿಗಳಿವೆಯೇ, ರಾತ್ರಿ ಎಚ್ಚರವಿರುವವರು ಯಾರು ಎಂದು ಕೇಳಿ. ಸಂಕೋಚ ಬೇಡ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ‘ಕನ್ಸೆಪ್ಷನ್’ ಎಂಬ ಡೈವಿಂಗ್ ಬೋಟಿಗೆ ಬೆಂಕಿ ಬಿದ್ದು, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿ ತೀರಿಕೊಂಡರು. ರಾತ್ರಿ ಕಾವಲಿಗೆ ಯಾರೂ ಎಚ್ಚರವಿರಲಿಲ್ಲ ಎಂದು ತನಿಖೆಯಲ್ಲಿ ತಿಳಿದುಬಂತು.

ಕಡಲಿನ ಈ ಕಠೋರ ಮುಖ ನಮ್ಮ ಕರಾವಳಿಗೂ ಗೊತ್ತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ, ಕಡಲಿನ ತಳದಲ್ಲಿ ಅದರ ಅವಶೇಷವನ್ನು ಪತ್ತೆಮಾಡಿದ್ದು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್, ಮುಳುಗುಗಾರರಿಗೆಂದೇ ಇರುವ ಹಡಗು. ನೀರಡಿಯ ಈ ವಿದ್ಯೆ ವಿನೋದಕ್ಕೆ ಮಾತ್ರವಲ್ಲ, ದಾರಿ ಕಾಯುವ ಮನೆಯವರಿಗೆ ಉತ್ತರ ತರುವುದಕ್ಕೂ ಬೇಕು.

ಕಡಲಿಗೆ ಇಳಿದಾಗ ಹವಳವನ್ನು ಮುಟ್ಟಬೇಡಿ, ಮುರಿದು ತರಬೇಡಿ. 2001ರಲ್ಲಿಯೇ ಅದನ್ನು ವನ್ಯಜೀವಿ ಕಾಯಿದೆಯ ರಕ್ಷಣೆಗೆ ಸೇರಿಸಲಾಗಿದೆ.

ಕೊನೆಯದಾಗಿ ಒಂದು ಮಾತು. ಹೊಟ್ಟೆಪಾಡಿಗಾಗಿ ಕಡಲಿಗೆ ಹೋಗುವ ಮೀನುಗಾರನೂ ಗಾಳಿ ಕೆಟ್ಟ ದಿನ ಡೀಸೆಲ್ ತುಂಬಿದ ಬೋಟನ್ನು ಬಂದರಿನಲ್ಲೇ ಬಿಡುತ್ತಾನೆ. ತಾಂಡೇಲನಾದವನು ಬೇಡವೆಂದರೆ ಬೇಡವೇ. ನೀವೂ ಹಾಗೆಯೇ ಇರಿ. ಮೈ ಸರಿಯಿಲ್ಲದ ದಿನ, ಮನಸ್ಸು ಒಪ್ಪದ ದಿನ, "ಇವತ್ತು ನಾನು ಇಳಿಯುವುದಿಲ್ಲ" ಎಂದು ಹೇಳಿ. ಕೊಟ್ಟ ಹಣ ಹೋದರೆ ಮತ್ತೆ ಕೂಡಿಸಬಹುದು. ಬೋಟಿನ ಮೇಲೆ ಕುಳಿತು ಗೆಳೆಯರ ಉಸಿರಿನ ಗುಳ್ಳೆಗಳನ್ನು ನೋಡುವುದೂ ಒಂದು ಪ್ರವಾಸವೇ. ಕಡಲು ನಾಳೆಯೂ ಅಲ್ಲೇ ಇರುತ್ತದೆ. ನೀವೂ ಇರಬೇಕು.