ಗಾಳಿಯ ಪಂಚನಾಮೆ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಮಾಹುಲ್, ಚೆಂಬೂರು ಕಡೆಯಿಂದ ಈ ವಾಚನಾಲಯಕ್ಕೆ ಬರುವ ನಮ್ಮವರಿಗೆ ಇಂದಿನ ವಿಷಯವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅವರ ಮೂಗು ಅದನ್ನು ಬಲ್ಲದು. 1954–55ರಲ್ಲಿ ಟ್ರಾಂಬೆಯಲ್ಲಿ ಎರಡು ತೈಲ ಶುದ್ಧೀಕರಣ ಕಾರಖಾನೆಗಳು ಆರಂಭವಾದವು. ಅವುಗಳ ಸುತ್ತ ಗೊಬ್ಬರ, ರಸಾಯನ, ವಿದ್ಯುತ್ತಿನ ಸ್ಥಾವರಗಳು ಬೆಳೆದವು, ಮನೆಗಳೂ ಬೆಳೆದವು. ನಡುರಾತ್ರಿ ಘಾಟು ಬರುತ್ತದೆ, ಮಗು ಕೆಮ್ಮುತ್ತದೆ, ಕಿಟಕಿ ಮುಚ್ಚುತ್ತೇವೆ. ಬೆಳಗ್ಗೆ ಅಧಿಕಾರಿ ಬರುವ ಹೊತ್ತಿಗೆ ಗಾಳಿ ಎಲ್ಲವನ್ನೂ ಒಯ್ದಿರುತ್ತದೆ. ನಮ್ಮ ದೂರು ಬರಿಯ ಮಾತಾಗಿ ಉಳಿಯುತ್ತದೆ.

ಕಳೆದ ಕೂಟದಲ್ಲಿ ಹಿರಿಯರೊಬ್ಬರು ಕೇಳಿದರು: "ಮದುವೆಯ ಚಿತ್ರ ತೆಗೆಯಲು ಡ್ರೋನ್ ಹಾರಿಸುತ್ತಾರಲ್ಲ, ಕಾರಖಾನೆಯ ಮೇಲೆ ಏಕೆ ಹಾರಿಸಬಾರದು?" ಒಳ್ಳೆಯ ಪ್ರಶ್ನೆ. ಕಾರಖಾನೆಯ ಹೊಗೆಕೊಳವೆಯಲ್ಲಿ ಅಳೆಯುವ ಯಂತ್ರವನ್ನು ಕೂಡಿಸಿದರೂ, ತೈಲದ ಟಾಂಕಿಯ ಮುಚ್ಚಳದಿಂದಲೋ ಟ್ಯಾಂಕರಿಗೆ ತುಂಬುವಾಗಲೋ ಸೋರುವ ಬೆಂಜೀನ್, ಟೊಲ್ವೀನುಗಳು ಆ ಕೊಳವೆಯ ದಾರಿ ಹಿಡಿಯುವುದೇ ಇಲ್ಲ. ಬೀದಿಯ ಮಾಪನ ಕೇಂದ್ರವು ಗಾಳಿ ಕೆಟ್ಟಿದೆ ಎನ್ನುತ್ತದೆ. ಕೆಡಿಸಿದವರು ಯಾರೆಂದು ಹೇಳುವುದಿಲ್ಲ. ಕಾರಖಾನೆಗಳು ಹೆಗಲಿಗೆ ಹೆಗಲು ತಾಗಿಸಿ ನಿಂತ ಊರಿನಲ್ಲಿ ಇದೇ ದೊಡ್ಡ ತೊಡಕು. ಡ್ರೋನ್ ಒಂದೊಂದು ಆವರಣಕ್ಕೂ ಗಾಳಿ ಬರುವ ಮಗ್ಗುಲಲ್ಲಿ ಒಮ್ಮೆ, ಹೋಗುವ ಮಗ್ಗುಲಲ್ಲಿ ಒಮ್ಮೆ ಅಳೆದು ವ್ಯತ್ಯಾಸವನ್ನು ತೋರಿಸಬಲ್ಲದು.

ಅದರ ಕಷ್ಟಗಳೂ ಉಂಟು. ಅದರ ರೆಕ್ಕೆಗಳೇ ಗಾಳಿಯನ್ನು ಕಲಕುವುದರಿಂದ ಉದ್ದನೆಯ ನಳಿಗೆಯನ್ನು ಚಾಚಿ ಆಚೆಯ ಗಾಳಿಯನ್ನು ಹೀರಬೇಕು. ಸಣ್ಣ ಡ್ರೋನಿನ ಬ್ಯಾಟರಿ 20–30 ನಿಮಿಷ ಬಂದರೆ ಹೆಚ್ಚು. ಬೇಗ ಹೊತ್ತಿಕೊಳ್ಳುವ ಆವಿಯಿರುವಲ್ಲಿ ಕಿಡಿಯ ಭಯ. ವಿಮಾನ ನಿಲ್ದಾಣದ ಸುತ್ತಲಂತೂ 2021ರ ನಿಯಮಗಳ ಪ್ರಕಾರ ಅನುಮತಿ ಬೇಕೇ ಬೇಕು.

ಯುರೋಪಿನವರು ಇದನ್ನು ಕಡಲಿನಲ್ಲಿ ನಡೆಸಿ ನೋಡಿದ್ದಾರೆ. 2021ರಲ್ಲಿ ಜಿಬ್ರಾಲ್ಟರ್ ಜಲಸಂಧಿಯಲ್ಲಿ ಡ್ರೋನ್ 294 ಹಡಗುಗಳ ಹೊಗೆಯನ್ನು ಮೂಸಿತು. ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಎಷ್ಟು, ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಹೋಲಿಸಿದರೆ ಇಂಧನದ ಗಂಧಕ ತಿಳಿಯುತ್ತದೆ. 27 ಹಡಗುಗಳ ಮೇಲೆ ಸಂಶಯ ಬಂತು. ಸಂಶಯವಷ್ಟೇ. ಬಂದರಿನಲ್ಲಿ ಹಡಗನ್ನೇರಿ ಎಣ್ಣೆಯನ್ನು ಪರೀಕ್ಷಿಸಿದ ಮೇಲೆಯೇ ತಪ್ಪು ಸ್ಥಿರವಾಗುವುದು.

ನಮ್ಮಲ್ಲಿಯೂ ಹಾಗೆಯೇ. 1981ರ ವಾಯು ಕಾಯಿದೆಯ 26ನೆಯ ಕಲಮಿನಂತೆ, ಮಾದರಿ ತೆಗೆಯುವ ಅಧಿಕಾರಿ ಕಾರಖಾನೆಯವರಿಗೆ ಅಲ್ಲಿಯೇ ನೋಟೀಸು ಕೊಟ್ಟು, ಅವರ ಸಮಕ್ಷಮ ಮಾದರಿಯನ್ನು ಹಿಡಿದು, ಮೊಹರು ಮಾಡಿ ಪ್ರಯೋಗಶಾಲೆಗೆ ಕಳಿಸಬೇಕು. ಇಲ್ಲವಾದರೆ ಅದರ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಹೇಳದೆ ಕೇಳದೆ ಮೇಲೆ ಹಾರಿದ ಯಂತ್ರದ ಅಂಕಿ ಎಷ್ಟೇ ನಿಜವಿರಲಿ, ಪಂಚನಾಮೆಯ ಜಾಗದಲ್ಲಿ ನಿಲ್ಲುವುದಿಲ್ಲ. ಆದುದರಿಂದ ಡ್ರೋನ್ ಕೊಳ್ಳಿರೆಂದು ಮಾತ್ರ ಮಂಡಳಿಯನ್ನು ಕೇಳಿದರೆ ಸಾಲದು. ಡ್ರೋನ್ ತೋರಿಸಿದ ಬಾಗಿಲಿಗೆ ಅದೇ ರಾತ್ರಿ ಅಧಿಕಾರಿ ಹೋಗಬೇಕು. ಅಂಕಿಗಳು ನೆರೆಯವರಿಗೂ ಸಿಗಬೇಕು. ನಾವು ಬರೆಯುವ ಅರ್ಜಿಯಲ್ಲಿ ಈ ಎರಡು ಮಾತು ಮೊದಲಿರಲಿ ಎಂದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಪತ್ರಿಕೆಗಳ ಮೇಜಿನ ಮೇಲೆ ಒಂದು ದಫ್ತರನ್ನು ಇಟ್ಟಿದ್ದೇವೆ. ಘಾಟು ಬಂದ ತಾರೀಖು, ಗಂಟೆ, ಗಾಳಿ ಬೀಸುತ್ತಿದ್ದ ದಿಕ್ಕು, ವಾಸನೆ ಎಂಥದು, ಇಷ್ಟನ್ನು ಬರೆಯಿರಿ. ಪೆನ್ಸಿಲನ್ನು ದಾರದಿಂದ ಕಟ್ಟಿದ್ದೇವೆ. ದಯವಿಟ್ಟು ಅಲ್ಲಿಯೇ ಬಿಡಿ.