ಹುಳುವಿನ ಸರಿಯಾದ ಗುರುತು: ಬೆಳೆ ರಕ್ಷಣೆಯ ಮೊದಲ ಹೆಜ್ಜೆ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳೆಯಲ್ಲಿ ಹುಳು ಕಂಡ ಕೂಡಲೇ ಔಷಧಿ ಸಿಂಪಡಿಸುವುದು ರೂಢಿ. ಆದರೆ ಅದು ಯಾವ ಹುಳು ಎಂದು ತಿಳಿಯದೆ ಮಾಡಿದ ಸಿಂಪರಣೆಯಿಂದ ಹಣವೂ ವ್ಯರ್ಥ, ಬೆಳೆಯೂ ಉಳಿಯದು.

ಒಂದೇ ಹುಳುವಿಗೆ ಊರಿಗೊಂದು ಹೆಸರಿರುತ್ತದೆ. ಹಲವು ಹುಳುಗಳಿಗೆ ಒಂದೇ ಹೆಸರೂ ಇರುತ್ತದೆ. ಈ ಗೊಂದಲವನ್ನು ನೀಗಲು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ 1753ರಲ್ಲಿ ಸಸ್ಯಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಎರಡು ಪದಗಳ ಹೆಸರನ್ನು ಕ್ರಮಬದ್ಧವಾಗಿ ಬಳಕೆಗೆ ತಂದನು. ಮೊದಲ ಪದ ಜಾತಿಯನ್ನು ತಿಳಿಸುತ್ತದೆ. ಎರಡೂ ಸೇರಿ ಪ್ರಭೇದವನ್ನು ಸೂಚಿಸುತ್ತವೆ. ಹತ್ತಿರದ ಪ್ರಭೇದಗಳು ಸೇರಿ ಒಂದು ಜಾತಿ, ಜಾತಿಗಳು ಸೇರಿ ಕುಟುಂಬ, ಕುಟುಂಬಗಳು ಸೇರಿ ಗಣವಾಗುತ್ತದೆ.

ಇದರಿಂದ ರೈತರಿಗೇನು ಲಾಭ? 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಹೊಸ ಹುಳುವೊಂದು ಕಾಣಿಸಿಕೊಂಡಿತು. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಸ್ಪೊಡಾಪ್ಟೆರಾ ಫ್ರುಜಿಪರ್ಡಾ, ಅಂದರೆ ಫಾಲ್ ಸೈನಿಕ ಹುಳು ಎಂದು ಗುರುತಿಸಿದರು. ಭಾರತದಲ್ಲಿ ಅದರ ಮೊದಲ ವರದಿ ಅದೇ. ಇದರ ತವರು ಅಮೆರಿಕ ಖಂಡ. 2016ರಲ್ಲಿ ಆಫ್ರಿಕದಲ್ಲಿಯೂ ಕಂಡುಬಂದಿತ್ತು. ಹೆಸರು ತಿಳಿದೊಡನೆ ಆ ನಾಡುಗಳ ಅನುಭವವೆಲ್ಲ ನಮಗೂ ದೊರೆಯಿತು.

ನೆಲಗಡಲೆ, ಸೋಯಾ ಅವರೆ, ತಂಬಾಕುಗಳ ಎಲೆ ತಿನ್ನುವ ಸ್ಪೊಡಾಪ್ಟೆರಾ ಲಿಟುರಾ ಇದೇ ಜಾತಿಗೆ ಸೇರಿದ್ದು. ಆದ್ದರಿಂದ ಗುಣಗಳಲ್ಲಿಯೂ ಹೋಲಿಕೆಯುಂಟು. ಎರಡೂ ಮೊಟ್ಟೆಗಳನ್ನು ಗುಂಪಾಗಿಟ್ಟು ರೋಮಗಳಿಂದ ಮುಚ್ಚುತ್ತವೆ. ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರ ಎರಡಕ್ಕೂ ರೋಗ ತರುತ್ತದೆ.

ಹೊಲದಲ್ಲಿ ಗುರುತಿಸುವ ಕ್ರಮ:

1. ಬಲಿತ ಹುಳುವಿನ ತಲೆಯ ಮೇಲೆ, ಇಂಗ್ಲಿಷಿನ 'ವೈ' ಅಕ್ಷರವನ್ನು ತಲೆಕೆಳಗು ಮಾಡಿದಂತಹ ಬಿಳಿಯ ಗೆರೆ ಇದೆಯೇ ನೋಡಿ.

2. ಬಾಲದ ತುದಿಯ ಬಳಿ ನಾಲ್ಕು ಕಪ್ಪು ಚುಕ್ಕೆಗಳು ಚೌಕಾಕಾರದಲ್ಲಿ ಇವೆಯೇ ನೋಡಿ.

3. ಎಲೆಗಳಲ್ಲಿ ಹರಕು ತೂತುಗಳೂ ಸುಳಿಯಲ್ಲಿ ಮರದ ಹೊಟ್ಟಿನಂತಹ ಹಿಕ್ಕೆಯೂ ಇವೆಯೇ ಪರೀಕ್ಷಿಸಿ.

ಈ ಮೂರೂ ಇದ್ದರೆ ಅದು ಫಾಲ್ ಸೈನಿಕ ಹುಳುವೇ. ಕಾಂಡ ಕೊರೆಯುವ ಹುಳುವಿಗೆ ತಲೆಯ ಗೆರೆಯಾಗಲಿ ಚೌಕದ ಚುಕ್ಕೆಗಳಾಗಲಿ ಇರುವುದಿಲ್ಲ; ಅದು ಕಾಂಡದೊಳಗೆ ಸೇರಿ ಸುಳಿಯನ್ನು ಒಣಗಿಸುತ್ತದೆ.

ಮರಿಹುಳುಗಳಲ್ಲಿ ಈ ಗುರುತುಗಳು ಸ್ಪಷ್ಟವಾಗಿರುವುದಿಲ್ಲ. ಸಂಶಯವಿದ್ದಲ್ಲಿ ಹುಳುವನ್ನು ತಿಂದ ಎಲೆಯೊಡನೆ ಸೀಸೆಯಲ್ಲಿ ಹಾಕಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ತಡ ಮಾಡಬೇಡಿ, ಹುಳು ಬಲಿತು ಸುಳಿಯ ಆಳಕ್ಕಿಳಿದರೆ ಔಷಧಿ ತಲಪುವುದು ಕಷ್ಟ. ಸಿಂಪರಣೆ ಅಗತ್ಯವೆನಿಸಿದರೆ ಶಿಫಾರಸು ಮಾಡಿದ ಔಷಧಿಯನ್ನೇ ಸುಳಿಯೊಳಗೆ ಬೀಳುವಂತೆ ಸಿಂಪಡಿಸಿ.

ಮೊದಲು ಗುರುತು, ಆಮೇಲೆ ಔಷಧಿ. ಈ ಕ್ರಮ ತಪ್ಪದಿರಲಿ.